ನಾನು ಅಳಿಸಿದ ಕಾಲಂ

ಆ ಫೋನ್ ಸಂಖ್ಯೆಯ ಕೊನೆಯ ಮೂರು ಅಂಕಿಗಳು ಏಳು, ಒಂದು, ಏಳು. ಅದರ ಎದುರಿನ ಚೌಕದಲ್ಲಿ ಇಪ್ಪತ್ತಮೂರು ಎಂದಿತ್ತು. ಎರಡನೆಯ ಸಾಲಿನ ಸಂಖ್ಯೆಯ ಎದುರು ಹದಿನಾರು, ಮೂರನೆಯದರ ಎದುರು ಹದಿನಾಲ್ಕು. ಹೀಗೆ ಇಳಿಯುತ್ತ ಹೋಗಿ ಪಟ್ಟಿ ಎರಡನೆಯ ಪುಟದ ನಡುವೆ ನಾಲ್ಕರಲ್ಲಿ ನಿಲ್ಲುತ್ತಿತ್ತು. ಕೆಳಗೆ, ಸಿದ್ಧಪಡಿಸಿದವರು ಎಂಬಲ್ಲಿ, ನನ್ನ ಸಹಿ ಇತ್ತು.

ನಾನು ಆಗ ಕುವೈತ್‌ನಲ್ಲಿ ಮಕ್ಕಳ ಆಹಾರ, ಔಷಧಿ, ಮನೆಸಾಮಾನು ಮಾರುವ ಒಂದು ಆನ್‌ಲೈನ್ ಅಂಗಡಿಯಲ್ಲಿದ್ದೆ. ಬಂದ ಆರ್ಡರುಗಳನ್ನು ಪರೀಕ್ಷಿಸಿ, ಮೋಸದವು ಇದ್ದರೆ ಹುಡುಕುವುದು ನನ್ನ ಕೆಲಸ. ಆ ವರ್ಷ ನಮ್ಮನ್ನು ಕಾಡಿದ್ದು ಒಂದು ಹಾಲಿನ ಪುಡಿ. ದನದ ಹಾಲು ಒಗ್ಗದ ಕೂಸುಗಳಿಗೆ ಡಾಕ್ಟರು ಬರೆದುಕೊಡುವ ವಿಶೇಷ ಪುಡಿ ಅದು. ಹೊರದೇಶದಿಂದ ಬರುತ್ತಿದ್ದುದೇ ಕಡಿಮೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅರುವತ್ತು ಡಬ್ಬಿಗಳನ್ನು ಸೈಟಿಗೆ ಬಿಡುತ್ತಿದ್ದೆವು. ನಲವತ್ತು ಸೆಕೆಂಡಿನಲ್ಲಿ ಖಾಲಿ. ಮಧ್ಯಾಹ್ನದ ಹೊತ್ತಿಗೆ ಅವೇ ಡಬ್ಬಿಗಳ ಫೋಟೋಗಳು ಮೊಬೈಲಿನಲ್ಲಿ ಸಾಮಾನು ಮಾರುವವರ ಖಾತೆಗಳಲ್ಲಿ ದುಪ್ಪಟ್ಟು ಬೆಲೆಗೆ ಕಾಣಿಸಿಕೊಳ್ಳುತ್ತಿದ್ದವು.

ಮನುಷ್ಯರು ಅಷ್ಟು ಬೇಗ ಕೊಳ್ಳಲಾರರು. ಕೊಳ್ಳುತ್ತಿದ್ದುದು ಪ್ರೋಗ್ರಾಂಗಳು. ಆಫೀಸಿನಲ್ಲಿ ಅವನ್ನು ಬಾಟ್ ಎನ್ನುತ್ತಿದ್ದೆವು. ಅವು ಸೈಟನ್ನು ಕಾಯುತ್ತ ಕುಳಿತಿದ್ದು, ಸರಕು ಕಂಡ ಕ್ಷಣ ಹೆಸರು, ವಿಳಾಸ, ಕಾರ್ಡ್ ಎಲ್ಲವನ್ನೂ ತಾವೇ ತುಂಬಿ ಆರ್ಡರ್ ಮಾಡಿಬಿಡುತ್ತಿದ್ದವು.

ಮೊದಲು ಒಂದು ಖಾತೆಗೆ ಎರಡೇ ಡಬ್ಬಿ ಎಂದು ಮಿತಿ ಹಾಕಿದೆವು. ಮುಂದಿನ ಗುರುವಾರ ಹೊಸ ಖಾತೆಗಳು ಹುಟ್ಟಿಕೊಂಡವು. ಆಮೇಲೆ, ಟ್ರಾಫಿಕ್ ಲೈಟ್ ಇರುವ ಚಿತ್ರಗಳನ್ನು ಆರಿಸಿ ಎನ್ನುವ ಪರೀಕ್ಷೆ ಇಟ್ಟೆವು. ಎರಡು ವಾರ ಅದು ನಡೆಯಿತು. ಮೂರನೆಯ ವಾರ ಬಾಟ್‌ಗಳು ಅದನ್ನೂ ದಾಟಿದವು. ದಾಟದೆ ಉಳಿದವರು ತಾಯಂದಿರು. ಕೂಸನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಟ್ರಾಫಿಕ್ ಲೈಟ್ ಹುಡುಕಲು ಆಗುವುದಿಲ್ಲವೆಂದು ನಮ್ಮ ಗ್ರಾಹಕ ವಿಭಾಗಕ್ಕೆ ಕರೆ ಮಾಡಿ ಬೈದರು. ಪರೀಕ್ಷೆಯನ್ನು ತೆಗೆದೆವು.

ಆಗ ನಾನು ಆರ್ಡರುಗಳ ಕಡತವನ್ನು ತೆಗೆದುಕೊಂಡು ಕೂತೆ. ಹನ್ನೊಂದು ಕಾಲಂಗಳಿದ್ದವು. ಕೊನೆಯದು 'ಡೆಲಿವರಿ ಸೂಚನೆ'. ಗ್ರಾಹಕರು ತಮಗೆ ತೋಚಿದ್ದನ್ನು ಬರೆಯುವ ಜಾಗ ಅದು. ಅರಬಿ, ಇಂಗ್ಲಿಷ್, ಇಂಗ್ಲಿಷ್ ಅಕ್ಷರದ ಮಲಯಾಳ, ಉರ್ದು ಎಲ್ಲ ಕಲಸಿಕೊಂಡಿದ್ದವು. ಲೆಕ್ಕಕ್ಕೆ ಸಿಗದ ಕಾಲಂ ಎಂದು ಮೊದಲಿಗೇ ಅಳಿಸಿದೆ. ಕಾಲೇಜಿನಲ್ಲಿ ನಮಗೆ ಕಲಿಸಿದ್ದೂ ಅದನ್ನೇ: ಕಸ ತೆಗೆದ ಮೇಲೆ ಲೆಕ್ಕ ಶುರು ಮಾಡಬೇಕು.

ಉಳಿದ ಹತ್ತರಲ್ಲಿ ಒಂದು ವಿಷಯ ಎದ್ದು ಕಂಡಿತು. ನಮ್ಮಲ್ಲಿ ಇಮೇಲ್ ಕೊಟ್ಟು ಖಾತೆ ತೆರೆಯಬೇಕು. ಫೋನ್ ಸಂಖ್ಯೆ ಡೆಲಿವರಿಗೆ ಮಾತ್ರ. ಬೇರೆ ಬೇರೆ ಹೆಸರು, ಬೇರೆ ಬೇರೆ ಇಮೇಲ್, ಆದರೆ ಫೋನ್ ಒಂದೇ. ಇಂಥ ಖಾತೆಗಳ ಗೊಂಚಲುಗಳು ಹಲವಾರಿದ್ದವು. ಎರಡು ಡಬ್ಬಿಯ ಮಿತಿಯನ್ನು ತಪ್ಪಿಸಲು ಒಬ್ಬನೇ ಹಲವು ಹೆಸರಿನಲ್ಲಿ ಬರುತ್ತಿದ್ದಾನೆ ಎಂದು ನನಗೆ ಖಾತರಿಯಾಯಿತು. ನಿಯಮ ಬರೆದೆ: ಒಂದು ಫೋನ್ ಸಂಖ್ಯೆಗೆ ಮೂರಕ್ಕಿಂತ ಹೆಚ್ಚು ಖಾತೆಗಳಿದ್ದರೆ ಆ ಸಂಖ್ಯೆಯಿಂದ ಬಂದ ಹಾಲಿನ ಪುಡಿಯ ಆರ್ಡರ್ ತಾನಾಗಿ ರದ್ದಾಗಬೇಕು, ಸಂಖ್ಯೆ ತಡೆಪಟ್ಟಿಗೆ ಸೇರಬೇಕು. ರದ್ದಾದವರಿಗೆ ಹೋಗುವ ಸಂದೇಶವನ್ನೂ ನಾನೇ ಬರೆದೆ: 'ಸಂಶಯಾಸ್ಪದ ಖರೀದಿಯಾದ ಕಾರಣ ನಿಮ್ಮ ಆರ್ಡರನ್ನು ರದ್ದುಗೊಳಿಸಲಾಗಿದೆ.'

ಆ ಗುರುವಾರ ಡಬ್ಬಿಗಳು ನಾಲ್ಕು ನಿಮಿಷ ಉಳಿದವು. ನಲವತ್ತು ಸೆಕೆಂಡಿನಿಂದ ನಾಲ್ಕು ನಿಮಿಷಕ್ಕೆ. ನಮ್ಮ ಮ್ಯಾನೇಜರ್, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ನನ್ನ ಮೇಜಿನ ಹತ್ತಿರ ಬಂದು ಹೇಳಿದರು: "ನಾಲ್ಕು ನಿಮಿಷ ಅಂದ್ರೆ ಎಂತ ಗೊತ್ತುಂಟಾ? ಒಬ್ಬಳು ತಾಯಿಗೆ ಕಾರ್ಡ್ ಹುಡುಕ್ಲಿಕ್ಕೆ ಸಾಕು." ಮಾಲೀಕರ ಮುಂದೆ ಅದನ್ನು ಅವರೇ ವಿವರಿಸಿದರು. ನನ್ನ ಹೆಸರನ್ನೂ ಹೇಳಿದರಂತೆ.

ಇದೇ ಹೊತ್ತಿಗೆ ಕಾನೂನಿನ ಮಾತು ಬಂತು. ಆನ್‌ಲೈನ್ ವ್ಯಾಪಾರ ಮಾಡುವ ಕೆಲವು ಅಂಗಡಿಗಳವರು ಸೇರಿ, ಬಾಟ್ ಬಳಸಿ ಸರಕು ಬಾಚಿ ಮರುಮಾರಾಟ ಮಾಡುವುದನ್ನು ಅಪರಾಧವೆಂದು ಘೋಷಿಸಬೇಕು ಎಂದು ಸರ್ಕಾರಕ್ಕೆ ಮನವಿ ಕೊಡುವುದೆಂದು ತೀರ್ಮಾನಿಸಿದ್ದರು. ಮನವಿಯ ಜೊತೆ ಕಾನೂನಿನ ಒಂದು ಕರಡು, ಪುರಾವೆಯಾಗಿ ತಡೆಪಟ್ಟಿ. ಕರಡಿನ ಹೊಣೆ ನಮ್ಮ ಕಂಪನಿಯ ಕಾನೂನು ಸಲಹೆಗಾರರದು. ಅವರು ಈಜಿಪ್ಟಿನವರು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ತಾಂತ್ರಿಕ ಭಾಗವನ್ನು ಬರೆದುಕೊಡಲು ನನ್ನನ್ನು ಕರೆದರು.

ಅಮೆರಿಕದಲ್ಲಿ ಸಂಗೀತ ಕಾರ್ಯಕ್ರಮ, ನಾಟಕಗಳ ಟಿಕೆಟ್‌ಗಳ ಬಗ್ಗೆ ಇಂಥ ಕಾನೂನು ಬಂದು ಒಂದೆರಡು ವರ್ಷವಾಗಿತ್ತು. ಅದನ್ನು ಮುದ್ರಿಸಿಕೊಂಡು ಹೋಗಿದ್ದೆ. ಅಂಗಡಿಯವರು ಹಾಕಿದ ತಡೆಯನ್ನು ಉಪಾಯದಿಂದ ದಾಟುವುದೇ ಅದರಲ್ಲಿ ಅಪರಾಧ. ಇಷ್ಟು ಕೊಂಡರೆ ತಪ್ಪು ಎಂಬ ಎಣಿಕೆ ಅದರಲ್ಲಿರಲಿಲ್ಲ. ಉಸ್ತಾದ್ ಅದನ್ನು ಓದಿ ಕನ್ನಡಕ ತೆಗೆದರು.

"ದಾಟಿದ ಎಂದು ಸಾಬೀತು ಮಾಡುವವರು ಯಾರು? ನೀವು ಬಂದು ಸಾಕ್ಷಿ ಹೇಳುತ್ತೀರಾ? ನ್ಯಾಯಾಧೀಶರಿಗೆ ಒಂದು ಸಂಖ್ಯೆ ಬೇಕು. ನಿಮ್ಮ ನಿಯಮದಲ್ಲಿ ಸಂಖ್ಯೆ ಇದೆಯಲ್ಲ, ಅದನ್ನೇ ಕೊಡಿ."

ಕೊಟ್ಟೆ. ಕರಡಿನ ನಾಲ್ಕನೆಯ ಕಲಮು ಹೀಗಾಯಿತು: ಒಂದೇ ಫೋನ್ ಸಂಖ್ಯೆಗೆ ಮೂರಕ್ಕಿಂತ ಹೆಚ್ಚು ಖಾತೆಗಳನ್ನು ಹೊಂದಿ ಸೀಮಿತ ಸರಕನ್ನು ಕೊಂಡಲ್ಲಿ ಅದನ್ನು ಸ್ವಯಂಚಾಲಿತ ಖರೀದಿ ಎಂದು ಭಾವಿಸತಕ್ಕದ್ದು. ಅನುಬಂಧವಾಗಿ ಎರಡು ಪುಟದ ಪಟ್ಟಿ. ಮೊದಲ ಸಾಲಿನಲ್ಲಿ ಏಳು ಒಂದು ಏಳು. ಮುಂದಿನ ಗುರುವಾರ ಮನವಿ ಸಲ್ಲಿಸುವುದೆಂದು ನಿಗದಿಯಾಯಿತು.

ನನಗೆ ಕಸಿವಿಸಿ ಶುರುವಾದದ್ದು ಶುಕ್ರವಾರ. ಮರುಮಾರಾಟದ ಖಾತೆಗಳನ್ನು ವಾರವಾರವೂ ನೋಡಿ ಎಷ್ಟು ಡಬ್ಬಿ ಮಾರಾಟಕ್ಕಿವೆ ಎಂದು ಬರೆದಿಡುತ್ತಿದ್ದೆ. ನಿಯಮ ಬಂದು ಮೂರು ಗುರುವಾರ ಕಳೆದಿದ್ದವು, ಅದು ಇಳಿಯಬೇಕಿತ್ತು. ಇಳಿದಿರಲಿಲ್ಲ, ಹಿಂದಿನ ವಾರಕ್ಕಿಂತ ಮೂರು ಹೆಚ್ಚೇ ಇದ್ದವು. ಹಾಗಾದರೆ ನಾವು ತಡೆದದ್ದು ಯಾರನ್ನು?

ಒಂದು ಡಬ್ಬಿಯನ್ನು ಅವರಿಂದಲೇ ಕೊಂಡೆ. ನಮ್ಮ ಗೋದಾಮಿನಿಂದ ಹೋಗುವ ಪ್ರತಿ ಡಬ್ಬಿಯ ತಳದಲ್ಲಿ ಆರ್ಡರ್ ಸಂಖ್ಯೆಯ ಸಣ್ಣ ಚೀಟಿ ಅಂಟಿಸಿರುತ್ತೇವೆ. ಮಾರುವವನು ಕಿತ್ತಿದ್ದ, ಅರ್ಧ ಉಳಿದಿತ್ತು. ಐದು ಅಂಕಿಗಳನ್ನು ಹಿಡಿದು ಹುಡುಕಿದಾಗ ಆರ್ಡರ್ ಸಿಕ್ಕಿತು. ಜಹ್ರಾದ ಒಂದು ಮನೆ. ಆ ಫೋನ್‌ಗೆ ಒಂದೇ ಖಾತೆ. ಬ್ಲಾಕ್, ಬೀದಿ, ಮನೆ, ಬಾಗಿಲಿನ ಮೇಲೆ ಸರ್ಕಾರ ಹಚ್ಚುವ ಎಂಟಂಕಿಯ ಫಲಕದ ಸಂಖ್ಯೆ, ಎಲ್ಲ ಸರಿಯಾಗಿ ತುಂಬಿತ್ತು. ನನ್ನ ನಿಯಮ ಅದನ್ನು ಮುಟ್ಟದೆ ಬಿಟ್ಟಿತ್ತು. ಆ ಮೂರು ವಾರಗಳಲ್ಲಿ ಜಹ್ರಾದಿಂದಲೇ ಅದೇ ರೀತಿಯ ಆರ್ಡರುಗಳು ಇನ್ನೂ ಮೂವತ್ತೊಂದು ಇದ್ದವು. ಪ್ರತಿಯೊಂದೂ ಎರಡು ಸೆಕೆಂಡಿನೊಳಗೆ ತುಂಬಿದ್ದು. ಇಷ್ಟು ಅಚ್ಚುಕಟ್ಟಾಗಿ ಕುವೈತ್‌ನಲ್ಲಿ ಮನುಷ್ಯರು ವಿಳಾಸ ಬರೆಯುವುದಿಲ್ಲವೆಂದು ಆಗ ನನಗೆ ಹೊಳೆಯಲಿಲ್ಲ. ಬಾಟ್ ನಿಯಮವನ್ನು ತಪ್ಪಿಸಿಕೊಂಡಿದೆ ಎಂದಷ್ಟೇ ತಿಳಿದೆ. ನಾವು ತಡೆದದ್ದು ಯಾರನ್ನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಮಂಗಳವಾರ ಆಫೀಸು ಮುಗಿಸಿ ಮೊದಲ ಸಾಲಿನ ವಿಳಾಸಕ್ಕೆ ಹೋದೆ. ಮೈದಾನ್ ಹವಲ್ಲಿ, ಬಸ್ಸಿನಿಂದಿಳಿದು ಐದು ನಿಮಿಷ. ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತಮೂರು ಸುಳ್ಳು ಖಾತೆ ತೆರೆದವನ ಬಾಗಿಲಲ್ಲಿ ಏನು ಕೇಳುವುದೆಂದು ಯೋಚಿಸಿಯೂ ಇರಲಿಲ್ಲ. ಕಟ್ಟಡವನ್ನು ನೋಡಿಕೊಂಡು ಬರುವುದೆಂದು ಮಾತ್ರ ಅಂದುಕೊಂಡಿದ್ದೆ.

ಕಟ್ಟಡಕ್ಕೆ ಆರು ಮಹಡಿ. ಪ್ರತಿ ಬಾಲ್ಕನಿಯಲ್ಲೂ ಡಿಶ್, ಒಣಗಲು ಹಾಕಿದ ಯೂನಿಫಾರ್ಮುಗಳು. ಬಾಗಿಲಿನ ಮೇಲೆ ಎಲ್ಲ ಕಟ್ಟಡಗಳಿಗೂ ಇರುವಂಥ ಬೋರ್ಡು: ಅರಬಿಯಲ್ಲೂ ಇಂಗ್ಲಿಷಿನಲ್ಲೂ 'ಫ್ಲ್ಯಾಟ್ ಬಾಡಿಗೆಗಿದೆ, ಹಾರಿಸ್‌ಗೆ ಕರೆ ಮಾಡಿ'. ಅದರ ಕೆಳಗೆ ಅಂಗೈಯಗಲದ ಕೆಂಪು ಅಂಕಿಗಳಲ್ಲಿ ಫೋನ್ ಸಂಖ್ಯೆ. ಕೊನೆಯ ಮೂರು ಏಳು, ಒಂದು, ಏಳು.

ಹಾರಿಸ್ ಎಂದರೆ ಕಟ್ಟಡ ಕಾಯುವವರು. ನಾನು ಆ ಬೋರ್ಡಿನ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಕದ್ದು ಕೊಳ್ಳುವವನು ತನ್ನ ಸಂಖ್ಯೆಯನ್ನು ಬೀದಿಗೆ ಕಾಣುವ ಹಾಗೆ ಬರೆಸುವುದಿಲ್ಲ.

ಒಳಗೆ ಮೆಟ್ಟಿಲಿನ ಕೆಳಗೆ ಒಂದು ಸಣ್ಣ ಕೋಣೆ. ಅದರ ಮುಂದೆ ಐವತ್ತು ದಾಟಿದ ಒಬ್ಬರು ಮರದ ಸ್ಟೂಲಿನ ಮೇಲೆ ಕೂತು ರಟ್ಟಿನ ಪೆಟ್ಟಿಗೆಯ ಮೇಲೆ ಮಾರ್ಕರಿನಿಂದ ಬರೆಯುತ್ತಿದ್ದರು. ನಾನು ಹಿಂದಿಯಲ್ಲಿ ಕೇಳಿದೆ, "ಭಾಯಿ ಸಾಬ್, ಹೊರಗಿನ ನಂಬರು ನಿಮ್ಮದಾ?"

"ಮೂರನೇ ಮಹಡಿ ಖಾಲಿ ಉಂಟು. ಫ್ಯಾಮಿಲಿಯಾ, ಒಬ್ಬರೇಯಾ?" ಎಂದು ಹಿಂದಿಯಲ್ಲೇ ಕೇಳಿ ನನ್ನ ಮುಖ ನೋಡಿದರು. "ಊರೆಲ್ಲಿ?"

ಉಳ್ಳಾಲ ಎಂದೆ. ಅವರು ವಿಟ್ಲ ಕಡೆಯವರು. ಅಲ್ಲಿಂದ ಮಾತು ಬ್ಯಾರಿ ಭಾಷೆಗೆ ತಿರುಗಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಾಡಿಗೆಗೆ ಅಲ್ಲ ಕಾಕ. ನಾನು ಆನ್‌ಲೈನ್ ಅಂಗಡಿಯವಳು. ನಮ್ಮಲ್ಲಿ ನಿಮ್ಮ ನಂಬರಿಗೆ ಇಪ್ಪತ್ತಮೂರು ಖಾತೆ ಇವೆ."

"ಅಷ್ಟೇಯಾ?" ಎಂದರು. "ಮೂವತ್ತಾರು ಫ್ಲ್ಯಾಟು ಉಂಟಲ್ಲ."

ಅವರು ಎದ್ದು ಕೋಣೆಯ ಬಾಗಿಲನ್ನು ಪೂರ್ತಿ ತೆರೆದರು. ಗೋಡೆಗೆ ಒತ್ತಿ ಮಂಚ, ಅದರೆದುರು ಕಬ್ಬಿಣದ ಕಪಾಟು. ಕಪಾಟಿನ ತುಂಬ ಪೆಟ್ಟಿಗೆಗಳು. ಪ್ರತಿಯೊಂದರ ಮೇಲೂ ದಪ್ಪ ಅಂಕಿಯಲ್ಲಿ ಫ್ಲ್ಯಾಟ್ ಸಂಖ್ಯೆ.

"ಇವ್ರೆಲ್ಲ ಡ್ಯೂಟಿಯಲ್ಲಿ ಇರ್ತಾರೆ. ನರ್ಸುಗಳಿಗೆ ವಾರ್ಡಿನಲ್ಲಿ ಫೋನು ಎತ್ತೋ ಹಾಗಿಲ್ಲ. ರಾತ್ರಿ ಶಿಫ್ಟಿನವರು ಹಗಲು ಮಲಗ್ತಾರೆ. ಡೆಲಿವರಿಯವನು ಎರಡು ಸಲ ಫೋನ್ ಮಾಡ್ತಾನೆ, ಖಲಾಸ್, ವಾಪಸು ಹೋಗ್ತಾನೆ. ಅದಕ್ಕೆ ನಂಬರು ನಂದೇ ಕೊಡಿ ಅಂತ ನಾನೇ ಹೇಳಿದ್ದು. ಈ ಮೂಲೆಯ ಎಲ್ಲ ಕಟ್ಟಡದಲ್ಲೂ ಹೀಗೇ."

ನಮ್ಮ ಮನೆಯಲ್ಲಿ ಆನ್‌ಲೈನಿನಲ್ಲಿ ತರಿಸುವ ರೂಢಿಯಿರಲಿಲ್ಲ. ನಾನು ಏನಾದರೂ ತರಿಸಿದರೆ ಆಫೀಸಿಗೇ ತರಿಸುತ್ತಿದ್ದೆ. ಇಷ್ಟು ವರ್ಷ ಈ ಊರಿನಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

"ನಿಮ್ಮ ನಂಬರನ್ನು ನಮ್ಮ ಕಂಪ್ಯೂಟರು ಬೇರೆ ತರಹ ತಿಳಿದಿದೆ ಕಾಕ," ಎಂದೆ. "ಇದು ಮನುಷ್ಯರಲ್ಲ, ಯಂತ್ರ ಅಂತ."

ಅವರು ನಕ್ಕರು. "ನಾನು ಯಂತ್ರವಾದರೆ ಈ ಮೊಣಕಾಲು ಯಾಕೆ ನೋಯ್ತದೆ? ಲಿಫ್ಟು ಕೆಟ್ಟು ಹತ್ತು ದಿನ ಆಯ್ತು. ನಿಮ್ಮ ಕಂಪ್ಯೂಟರನ್ನು ಒಮ್ಮೆ ಆರನೇ ಮಹಡಿಗೆ ಹತ್ತಿಸಿ ನೋಡಿ."

ಆಗ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿದ್ದ ಒಬ್ಬರು ಒಳಗೆ ಬಂದರು. ನನ್ನ ಪಕ್ಕದಿಂದ ಬಗ್ಗಿ ಕಪಾಟನ್ನೇ ನೋಡಿದರು.

"ಬಂತಾ ಭಾಯಿ?"

"ಇಲ್ಲ ಸಿಸ್ಟರ್. ಹಾಲಿನದ್ದು ಈ ವಾರವೂ ಕ್ಯಾನ್ಸಲ್ ಅಲ್ವಾ? ಡೆಲಿವರಿಯವನಿಗೆ ಬರೀ ಡಯಾಪರ್ ಕೊಟ್ಟು ಕಳಿಸಿದ್ದಾರೆ."

ಹಾರಿಸ್ ಆಕೆಯ ಪರಿಚಯ ಹೇಳಿದರು. ಒಂಬತ್ತನೆಯ ಫ್ಲ್ಯಾಟಿನವರು, ಮೂಡುಬಿದಿರೆ ಕಡೆಯ ಕೊಂಕಣಿಯವರು, ಆಸ್ಪತ್ರೆಯಲ್ಲಿ ನರ್ಸ್, ಮನೆಯಲ್ಲಿ ಏಳು ತಿಂಗಳ ಹುಡುಗಿ. "ಇವರು ಆ ಅಂಗಡಿಯವರೇ ಸಿಸ್ಟರ್," ಎಂದು ನನ್ನತ್ತ ಕೈ ತೋರಿಸಿದರು. "ಕೇಳಿ, ಇವರನ್ನೇ ಕೇಳಿ."

ಆಕೆ ದನಿ ಏರಿಸಲಿಲ್ಲ. ಮೊಬೈಲ್ ತೆಗೆದು ಸಂದೇಶ ತೋರಿಸಿದರು. ನಾನು ಬರೆದ ವಾಕ್ಯ ಅಲ್ಲಿತ್ತು.

"ಮೂರು ಗುರುವಾರ ಆಯ್ತು. ಹತ್ತು ಗಂಟೆಗೆ ಬ್ರೇಕ್ ತೆಗೊಂಡು, ಸ್ಟೋರ್ ರೂಮಲ್ಲಿ ನಿಂತು ಆರ್ಡರ್ ಮಾಡುದು. ಸಿಕ್ಕಿತು ಅಂತ ಬರ್ತದೆ. ಹತ್ತು ನಿಮಿಷ ಕಳೆದ್ರೆ ಇದು ಬರ್ತದೆ. ಸಂಶಯಾಸ್ಪದ ಅಂದ್ರೆ ಎಂತ? ನಾನು ಎಂತ ತಪ್ಪು ಮಾಡಿದ್ದು ಹೇಳಿ, ಸರಿ ಮಾಡ್ತೇನೆ."

"ನೀವು ತಪ್ಪು ಮಾಡಿಲ್ಲ," ಎಂದೆ.

"ಮತ್ತೆ?"

"ನಿಯಮದಲ್ಲಿ ತಪ್ಪಿದೆ. ನಿಯಮ ಬರೆದದ್ದು ನಾನು."

ಆಕೆ ನನ್ನನ್ನು ನೋಡಿದರು. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವ ಹಾಗೆ, ಸಿಟ್ಟೂ ಇಲ್ಲದೆ ಸಲಿಗೆಯೂ ಇಲ್ಲದೆ. "ಎರಡು ವಾರ ಫೋಟೋ ಹಾಕಿ ಮಾರುವವರ ಹತ್ರ ತೆಗೊಂಡೆ. ಈಗ ಇರುವ ಡಬ್ಬಿ ಶುಕ್ರವಾರದವರೆಗೆ ಬರ್ತದೆ. ಬೇರೆ ಹಾಲು ಒಮ್ಮೆ ಕೊಟ್ಟು ನೋಡಿದ್ದೇವೆ. ಎರಡು ದಿನ ಅವಳನ್ನು ಆಸ್ಪತ್ರೆಯಲ್ಲಿ ಮಲಗಿಸ್ಬೇಕಾಯ್ತು. ಇನ್ನೊಮ್ಮೆ ಕೊಡುದಿಲ್ಲ."

ಅವರು ಹೋದ ಮೇಲೆ ಹಾರಿಸ್ ಮಾರ್ಕರಿನ ಮುಚ್ಚಳ ಹಾಕುತ್ತ ಕೇಳಿದರು: "ಮಗಳೇ, ಯಂತ್ರ ಅಂತ ಬರೆದದ್ದು ನಿಮ್ಮ ಆಫೀಸಿನಲ್ಲೇ ಇರ್ತದಾ, ಬೇರೆ ಕಡೆ ಹೋಗ್ತದಾ?"

ನಾನು ಸುಳ್ಳು ಹೇಳಲಿಲ್ಲ. "ಗುರುವಾರ ಸರ್ಕಾರಕ್ಕೆ ಹೋಗುವ ಪಟ್ಟಿಯಲ್ಲಿ ಇದೆ."

ನಗು ನಿಂತಿತು. "ಸಿಮ್ ನನ್ನ ಸಿವಿಲ್ ಐಡಿಯಲ್ಲೇ ಇರುದು. ವೀಸಾ ಕೊಟ್ಟ ಕಫೀಲನಿಗೆ ಒಂದು ಫೋನು ಹೋದರೆ ಸಾಕು. ಅವ ಯಾಕೆ ಏನು ಅಂತ ಕೇಳುವವನಲ್ಲ. ಹೊಸ ಹಾರಿಸ್ ಸಿಗ್ತಾನೆ ಅವನಿಗೆ." ಆಮೇಲೆ, ನನಗೆ ಕಷ್ಟವಾಗಬಾರದೆಂದು, ಅವರೇ ಸೇರಿಸಿದರು: "ಚಹಾ ಕುಡಿದು ಹೋಗಿ. ಉಳ್ಳಾಲದವರು ಹಾಗೇ ಹೋಗಬಾರದು."

ಚಹಾ ಕುಡಿದೆ.

ಬುಧವಾರ ಬೆಳಿಗ್ಗೆ ಏಳೂವರೆಗೇ ಆಫೀಸಿಗೆ ಹೋದೆ. ಪಟ್ಟಿಯಿಂದ ಒಂದು ಸಾಲು ತೆಗೆಯುವುದು ಸುಲಭವಿತ್ತು. ಉಸ್ತಾದ್ ಪಟ್ಟಿಯನ್ನು ಸಾಲುಸಾಲಾಗಿ ಓದಿರಲಿಲ್ಲ. ಎರಡು ಪುಟ ಇದ್ದರೆ ಅವರಿಗೆ ಸಾಕು. ಏಳು ಒಂದು ಏಳನ್ನು ಅಳಿಸಿ, ಆ ಸಂಖ್ಯೆಗೆ ಮಾತ್ರ ನಿಯಮದಲ್ಲಿ ವಿನಾಯಿತಿ ಕೊಟ್ಟಿದ್ದರೆ ಹಾರಿಸ್ ಉಳಿಯುತ್ತಿದ್ದರು, ಕೂಸಿಗೆ ಡಬ್ಬಿ ಹೋಗುತ್ತಿತ್ತು, ನನ್ನ ನಾಲ್ಕು ನಿಮಿಷವೂ ಹಾಗೇ ಇರುತ್ತಿತ್ತು. ಕರ್ಸರನ್ನು ಆ ಸಾಲಿನ ಮೇಲೆ ಇಟ್ಟೂ ಇದ್ದೆ. ಅಷ್ಟರಲ್ಲಿ ಕಣ್ಣು ಎರಡನೆಯ ಸಾಲಿಗೆ ಹೋಯಿತು. ಹದಿನಾರು. ಅವರು ಯಾರು?

ಫೋನ್ ಎತ್ತಿ ಆ ಸಂಖ್ಯೆಗೆ ಕರೆ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಹಿಂದಿಯಲ್ಲಿ, "ಫ್ಲ್ಯಾಟ್ ಖಾಲಿ ಇಲ್ಲ," ಎಂದು ಇಟ್ಟುಬಿಟ್ಟರು. ಮೂರನೆಯವರು, "ಎರಡು ರೂಮು, ಫ್ಯಾಮಿಲಿಗೆ ಮಾತ್ರ," ಎಂದರು. ನಾಲ್ಕನೆಯದು ರುಮೈಥಿಯಾದ ಒಂದು ದಿನಸಿ ಅಂಗಡಿ. ಸುತ್ತಲಿನ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರು ತಮ್ಮ ಸಾಮಾನನ್ನು ಅಲ್ಲಿಗೆ ತರಿಸಿಕೊಳ್ಳುತ್ತಿದ್ದರು. ಹತ್ತು ಸಂಖ್ಯೆಗಳಿಗೆ ಮಾಡಿದೆ. ಎಂಟು ಹಾರಿಸ್‌ಗಳು, ಒಂದು ಅಂಗಡಿ, ಒಂದನ್ನು ಯಾರೂ ಎತ್ತಲಿಲ್ಲ.

ನಂತರ ಮೂಲ ಕಡತವನ್ನು ತೆರೆದು, ನಾನು ಅಳಿಸಿದ ಹನ್ನೊಂದನೆಯ ಕಾಲಮನ್ನು ವಾಪಸು ತಂದೆ. ಗೊತ್ತಾದ ಭಾಷೆಗಳದ್ದನ್ನು ಓದಿದೆ. ಅರಬಿಯದ್ದನ್ನು ಗ್ರಾಹಕ ವಿಭಾಗದವರಿಂದ ಓದಿಸಿದೆ. ಹಾರಿಸ್‌ಗೆ ಫೋನ್ ಮಾಡಿ. ಬೇಕರಿಯ ಹಿಂದೆ, ಲಾಂಡ್ರಿಯ ಮೇಲೆ. ಲಿಫ್ಟ್ ಇಲ್ಲ, ಕ್ಷಮಿಸಿ, ಕೆಳಗೇ ಕೊಡಿ. ನೈಟ್ ಡ್ಯೂಟಿ, ಮಲಗಿರುತ್ತೇವೆ. ಮೇಡಂಗೆ ಗೊತ್ತಾಗಬಾರದು, ಅಂಗಡಿಯಲ್ಲಿ ಇಡಿ. ಜಹ್ರಾದ ಆ ಮೂವತ್ತೆರಡು ಆರ್ಡರುಗಳ ಎದುರು ಕಾಲಂ ಖಾಲಿ. ನಾನು ಕಸವೆಂದು ತೆಗೆದದ್ದರಲ್ಲೇ ಮನುಷ್ಯರಿದ್ದರು.

ಮೊದಲು ಮ್ಯಾನೇಜರ್ ಹತ್ತಿರ ಹೋದೆ. ನಿಂತೇ ಎಲ್ಲವನ್ನೂ ಹೇಳಿದೆ. ಅವರು ಪೆನ್ನನ್ನು ಮೇಜಿನ ಮೇಲೆ ಎರಡು ಸಲ ತಿರುಗಿಸಿದರು.

"ಹಾಗಾದ್ರೆ ನಾಲ್ಕು ನಿಮಿಷ?"

"ಕೊಳ್ಳಬೇಕಾದವರನ್ನು ತಡೆದದ್ದರಿಂದ ಸಿಕ್ಕಿದ ನಿಮಿಷಗಳು ಸರ್."

"ನಾನು ಮಾಲೀಕರ ಎದುರು ಎದೆ ತಟ್ಟಿ ಹೇಳಿ ಆಗಿದೆ ಮಾರಾಯ್ತಿ." ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ನಮ್ಮ ಮನೆಗೆ ಬರುವ ಸಾಮಾನೆಲ್ಲ ಹೆಂಡತಿ ನೋಡಿಕೊಳ್ಳುದು. ಅವಳಿಗೆ ಒಂದು ಮಾತು ಕೇಳಿದ್ರೆ ಮೊದಲ ದಿನವೇ ಹೇಳ್ತಿದ್ಲೇನೋ." ಎದ್ದು ಕೋಟು ಹಾಕಿಕೊಂಡರು. "ಮಾಲೀಕರಿಗೆ ನಾನು ಹೇಳ್ತೇನೆ. ಉಸ್ತಾದರಿಗೆ ನೀವೇ ಹೇಳ್ಬೇಕು. ಸಹಿ ನಿಮ್ಮದು."

ಉಸ್ತಾದ್ ಮನವಿಯನ್ನು ಆಗಲೇ ಹಸಿರು ಫೈಲಿನಲ್ಲಿ ಹಾಕಿಟ್ಟಿದ್ದರು. ನಾಲ್ಕನೆಯ ಕಲಮನ್ನೂ ಅನುಬಂಧವನ್ನೂ ಹಿಂದೆಗೆಯಬೇಕೆಂದು ಕೇಳಿಕೊಂಡೆ. ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುವವರು, ಇನ್ನೂ ನಿಧಾನವಾದರು.

"ನಾಳೆ ಬೆಳಿಗ್ಗೆ ಸಲ್ಲಿಸಬೇಕಾದ್ದು. ಬೇರೆ ಅಂಗಡಿಗಳವರೂ ಸಹಿ ಮಾಡಿದ್ದಾರೆ. ಕಟ್ಟಡ ಕಾಯುವವರು ನಾಲ್ಕೈದು ಜನ ಸಿಕ್ಕಿಹಾಕಿಕೊಂಡರೆ ವಿಚಾರಣೆಯಲ್ಲಿ ಬಿಡುತ್ತಾರೆ. ಕಾನೂನು ಎಂದರೆ ಅಷ್ಟು ಸೂಕ್ಷ್ಮವಾಗಿ ಬರೆಯಲು ಬರುವುದಿಲ್ಲ."

"ನಾಲ್ಕೈದಲ್ಲ, ಉಸ್ತಾದ್. ಹತ್ತರಲ್ಲಿ ಎಂಟು. ವಿಚಾರಣೆಯವರೆಗೆ ಅವರಿಗೆ ಈ ದೇಶದಲ್ಲಿರಲು ಕೊಟ್ಟ ಇಕಾಮಾ ಉಳಿಯುವುದಿಲ್ಲ." ನಾನು ಅಷ್ಟು ಗಟ್ಟಿಯಾಗಿ ಅವರೊಂದಿಗೆ ಎಂದೂ ಮಾತಾಡಿರಲಿಲ್ಲ. ಆಮೇಲೆ ಕೇಳಿದೆ, "ನಿಮ್ಮ ಮನೆಗೆ ಸಾಮಾನು ಬಂದರೆ ಯಾರು ತೆಗೆದುಕೊಳ್ಳುತ್ತಾರೆ?"

ಅವರು ಮೊಬೈಲ್ ತೆಗೆದು ಒಂದು ಸಂಖ್ಯೆ ಒತ್ತಿ, ನನಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಆ ಕಡೆ ವಯಸ್ಸಾದ ಒಂದು ದನಿ. ಉಸ್ತಾದ್ ಅರಬಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಇವತ್ತು ನಿನ್ನ ಹತ್ತಿರ ಎಷ್ಟು ಪೆಟ್ಟಿಗೆ ಬಂದಿವೆ? ಆ ದನಿ ಎಣಿಸಿತು. ಹನ್ನೊಂದು, ಅದರಲ್ಲಿ ಎರಡು ನಿಮ್ಮವು ಯಾ ಉಸ್ತಾದ್, ಒಂದು ತುಂಬ ಭಾರ ಇದೆ, ಮೇಲೆ ತರಲಾ?

ಇಲ್ಲ, ನಾನೇ ಬಂದು ತೆಗೆದುಕೊಳ್ಳುತ್ತೇನೆ ಎಂದು ಅವರು ಫೋನ್ ಇಟ್ಟರು. ಫೈಲ್ ತೆರೆದು ನಾಲ್ಕನೆಯ ಕಲಮಿನ ಮೇಲೆ ಅಡ್ಡಗೆರೆ ಎಳೆದರು. ಅನುಬಂಧದ ಎರಡೂ ಪುಟಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಜಾಗ ಖಾಲಿ ಬಿಟ್ಟು ಸಲ್ಲಿಸಲಾಗುವುದಿಲ್ಲ. ಸಂಜೆ ಐದರೊಳಗೆ ಬೇರೆ ಕಲಮು ಬರೆಯಿರಿ. ಸಂಖ್ಯೆ ಇಲ್ಲದೆ."

ಐದಕ್ಕೆ ಹತ್ತು ನಿಮಿಷವಿರುವಾಗ ಕೊಟ್ಟೆ. ಮೂರು ವಾಕ್ಯಗಳಿದ್ದವು. ಅಂಗಡಿ ಇಟ್ಟ ತಡೆಯನ್ನು ಪ್ರೋಗ್ರಾಂ ಮೂಲಕ ದಾಟಿ, ಮರುಮಾರಾಟಕ್ಕಾಗಿ ಸರಕು ಕೊಳ್ಳುವುದು ಅಪರಾಧ. ಫೋನ್ ಸಂಖ್ಯೆಯನ್ನಾಗಲಿ ವಿಳಾಸವನ್ನಾಗಲಿ ಹಲವರು ಹಂಚಿಕೊಂಡಿರುವುದು ತನ್ನಷ್ಟಕ್ಕೆ ಪುರಾವೆಯಲ್ಲ. ಆರ್ಡರನ್ನು ರದ್ದುಮಾಡುವ ಮೊದಲು ಅದನ್ನು ಒಬ್ಬ ಮನುಷ್ಯ ಓದಿರಬೇಕು. ಮೂರನೆಯದು ಅಂಗಡಿಗಳ ಮೇಲೇ ಹೊರೆ ಹಾಕುತ್ತದೆ, ಉಳಿದವರು ಒಪ್ಪಲಿಕ್ಕಿಲ್ಲ ಎಂದರು ಉಸ್ತಾದ್. ಆದರೂ ಅವರಾಗಿ ಹೊಡೆದುಹಾಕಲಿಲ್ಲ. ಹ್ಞೂಂ ಎಂದು ಫೈಲಿನಲ್ಲಿ ಸೇರಿಸಿಕೊಂಡರು.

ಹೊರಡುವ ಹೊತ್ತಿಗೆ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಮಾಲೀಕರಿಗೆ ಹೇಳಿ ಬಂದಿದ್ದರು. "ನಿಯಮ ತೆಗೆದ್ರೆ ನಾಳೆ ಹತ್ತು ಗಂಟೆಗೆ ಎಂತ ಮಾಡುದು? ಎಲ್ಲ ಡಬ್ಬಿ ಜಹ್ರಾಕ್ಕೇ ಹೋಗ್ತದೆ."

"ಆರ್ಡರುಗಳನ್ನು ತಡೆಹಿಡಿದು ಇಡೋಣ ಸರ್. ಒಂದೊಂದನ್ನೂ ನಾನು ಓದಿ ಬಿಡುತ್ತೇನೆ."

"ಎಷ್ಟು ವಾರ ಹಾಗೆ ಓದ್ತೀರಿ?"

"ಹೊಸ ನಿಯಮ ಬರೆಯುವವರೆಗೆ."

ಅವರು ಲಿಫ್ಟಿನ ಗುಂಡಿ ಒತ್ತಿದರು. "ಹೊಸದು ಬರೆದ ಮೇಲೆ ಒಮ್ಮೆ ನನ್ನ ಹೆಂಡತಿಗೆ ತೋರಿಸಿ," ಎಂದರು.

ಮರುದಿನ ಗುರುವಾರ. ಒಂಬತ್ತು ಗಂಟೆಗೆ ಹಳೆಯ ನಿಯಮವನ್ನೂ ತಡೆಪಟ್ಟಿಯನ್ನೂ ತೆಗೆದುಹಾಕಿದೆ. ಹಾಲಿನ ಪುಡಿಯ ಆರ್ಡರ್ ಯಾವುದೂ ನಾನು ಒತ್ತದೆ ಮುಂದೆ ಹೋಗದಂತೆ ಮಾಡಿದೆ. ಪರದೆಯ ಮೇಲೆ ಹನ್ನೊಂದನೆಯ ಕಾಲಮನ್ನು ಎಳೆದು ಎಲ್ಲಕ್ಕಿಂತ ಮೊದಲಿಗೆ ತಂದಿಟ್ಟೆ. ಹತ್ತು ಗಂಟೆಗೆ ಅರುವತ್ತು ಡಬ್ಬಿಗಳನ್ನು ಬಿಟ್ಟೆವು.

ಮೊದಲ ಸೆಕೆಂಡುಗಳಲ್ಲಿ ಬಂದವು ಜಹ್ರಾದವು. ಎಂಟಂಕಿ ಸರಿಯಾಗಿತ್ತು, ಸೂಚನೆಯ ಜಾಗ ಖಾಲಿ. ಅವನ್ನು ಪಕ್ಕಕ್ಕಿಟ್ಟು ಆ ಡಬ್ಬಿಗಳನ್ನು ಮತ್ತೆ ಸೈಟಿಗೆ ಬಿಟ್ಟೆ. ಆಮೇಲೆ ನಿಧಾನವಾಗಿ ಉಳಿದವರು ಬರತೊಡಗಿದರು. ಬ್ಲಾಕ್ ಸಂಖ್ಯೆ ತಪ್ಪು, ಬೀದಿಯ ಹೆಸರು ಅರ್ಧ, ಮಸೀದಿಯ ಎದುರು, ಬಿಳಿ ಗೇಟು. ಒಂದೊಂದನ್ನೇ ಓದಿ ಬಿಟ್ಟೆ. ಹತ್ತು ಗಂಟೆ ಮೂರು ನಿಮಿಷಕ್ಕೆ ಏಳು ಒಂದು ಏಳು ಬಂತು. ಫ್ಲ್ಯಾಟ್ ಒಂಬತ್ತು, ಎರಡು ಡಬ್ಬಿ. ಸೂಚನೆಯ ಜಾಗದಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ದಯವಿಟ್ಟು ಬೆಲ್ ಒತ್ತಬೇಡಿ, ಮಗು ಮಲಗಿರುತ್ತದೆ. ಕೆಳಗೆ ಹಾರಿಸ್ ಕೈಗೆ ಕೊಡಿ.

ಎರಡು ಸಲ ಓದಿ, ಕಳುಹಿಸಿ ಎಂಬುದನ್ನು ಒತ್ತಿದೆ. ಮುಂದಿನ ಸಾಲಿಗೆ ಹೋದೆ.